ಸಂಸಾರ ಚಿಂತನ: ಹಳೆಯ ಕಾರಿಗೆ ಕಾವೇರಿದಾಗ

ಮೂಗಿಗಿಂತ ಮೂಗುತಿ ಭಾರ ಎಂಬುದು ನಮ್ಮ ಹಿರಿಯರ ಗಾದೆ. ಈಚಿನ ವರ್ಷಗಳಲ್ಲಿ ಈ ಮಾತು ಒಡವೆಯಂಗಡಿಗಿಂತ ಹೆಚ್ಚಾಗಿ ಕೇಳಿಬರುವುದು ಗ್ಯಾರೇಜುಗಳ ಮುಂದೆ. ಹತ್ತು ಹದಿನೈದು ವರ್ಷ ಮನೆಮಂದಿಯನ್ನೆಲ್ಲ ಹೊತ್ತು ತಿರುಗಿದ ಕಾರು, ಬೇಸಿಗೆ ಬರುತ್ತಲೇ ಕಾವೇರತೊಡಗುತ್ತದೆ. ಕಾವು ತೋರಿಸುವ ಮುಳ್ಳು ನಡುವನ್ನು ಬಿಟ್ಟು ಕೆಂಪು ಗೆರೆಯತ್ತ ಸರಿಯುತ್ತದೆ. ಮುಂದಿನ ಬಾನೆಟ್ಟಿನ ಸಂದಿಯಿಂದ ಉಗಿ ಏಳುತ್ತದೆ. ಮೇಸ್ತ್ರಿಯು ನೋಡಿ ರೇಡಿಯೇಟರ್ ಎನ್ನುತ್ತಾನೆ, ಪಂಪು ಎನ್ನುತ್ತಾನೆ, ಕೊನೆಗೆ ಹೆಡ್ಡು ಬಿಚ್ಚಬೇಕಾದೀತು ಎನ್ನುತ್ತಾನೆ. ಆಗ ಮನೆಯಲ್ಲಿ ಚರ್ಚೆ ಆರಂಭವಾಗುತ್ತದೆ: ಇಷ್ಟು ಹಳೆಯ ಗಾಡಿಗೆ ಇಷ್ಟೊಂದು ಹಣ ಹಾಕುವುದು ಸರಿಯೇ? ಹಾಕದಿದ್ದರೆ ಮುಂದೇನು?

ಇದು ಕೇವಲ ಯಂತ್ರದ ಪ್ರಶ್ನೆಯಾಗಿದ್ದರೆ ಈ ಅಂಕಣದಲ್ಲಿ ನಾವು ಇದನ್ನು ಎತ್ತಿಕೊಳ್ಳುತ್ತಿರಲಿಲ್ಲ. ಹಳ್ಳಿಯ ಮನೆಗೆ ಕಾರೆಂಬುದು ಆಡಂಬರದ ವಸ್ತುವಾಗಿ ಉಳಿದಿಲ್ಲ. ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯಲು, ಬಾಣಂತಿಯನ್ನು ತವರಿನಿಂದ ಕರೆತರಲು, ಜಾತ್ರೆಗೆ, ಮದುವೆಗೆ, ಮಣ್ಣಿಗೆ ಹೋಗಿಬರಲು ಅದು ಬೇಕಾಗುತ್ತದೆ. ಆದುದರಿಂದ ಅದರ ದುರಸ್ತಿಯ ತೀರ್ಮಾನವು ಮನೆಯ ಜಮಾಖರ್ಚಿಗೂ ಮನೆಯವರ ಕ್ಷೇಮಕ್ಕೂ ಒಟ್ಟಿಗೇ ತಟ್ಟುತ್ತದೆ. ತಾಯಂದಿರಿಗೂ ಸೊಸೆಯಂದಿರಿಗೂ ತಿಳಿಯದೆ ಗಂಡಸರು ಗ್ಯಾರೇಜಿನಲ್ಲಿ ನಿಂತು ಮಾಡುವ ತೀರ್ಮಾನ ಇದಲ್ಲವೆಂಬುದು ನಮ್ಮ ಅಭಿಪ್ರಾಯ.

ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಈ ಪ್ರಶ್ನೆ ಬೇರೆ ಕಡೆಗಿಂತ ತುಸು ಬೇಗನೆ ಎದುರಾಗುತ್ತದೆ. ಸವಡಿಯಂಥ ಊರನ್ನೇ ನೋಡಿರಿ. ಸುತ್ತಲೂ ಎರೆಹೊಲ, ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಏರುವ ನೆಲ, ದಾರಿಯಲ್ಲಿ ಮೈಲುಗಟ್ಟಲೆ ನೆರಳು ವಿರಳ. ಕೊಳವೆಬಾವಿಯ ನೀರೆಂದರೆ ಬಹಳ ಕಡೆ ಸವಳು. ಸುಗ್ಗಿಯ ದಿನಗಳಲ್ಲಿ ರಸ್ತೆಯ ಮೇಲೆಯೇ ರಾಶಿ ಹರವಿರುತ್ತಾರೆ. ಅದರ ಹೊಟ್ಟು, ರವದಿ, ಧೂಳು ಹಾರಿ ಗಾಡಿಯ ಮುಂಭಾಗದ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಬಿಸಿಲು, ಸವಳು, ಹೊಟ್ಟು ಈ ಮೂರೂ ಸೇರಿ ಕಾರಿನ ತಂಪು ವ್ಯವಸ್ಥೆಯನ್ನು ನಿಧಾನವಾಗಿ ತಿನ್ನುತ್ತವೆ.

ತೀರ್ಮಾನಕ್ಕೆ ಮೊದಲು ವ್ಯವಸ್ಥೆಯನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಎಂಜಿನ್ನಿನೊಳಗೆ ಪೆಟ್ರೋಲು ಉರಿಯುವ ಕ್ಷಣದಲ್ಲಿ ಅಲ್ಲಿಯ ಅನಿಲದ ಉಷ್ಣತೆ 2000 ಡಿಗ್ರಿಯನ್ನೂ ಮೀರುತ್ತದೆ. ಆ ಶಾಖದಲ್ಲಿ ಗಾಲಿಯನ್ನು ತಿರುಗಿಸಲು ಒದಗುವುದು ಸುಮಾರು ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಮಾತ್ರ. ಉಳಿದುದರಲ್ಲಿ ಒಂದು ಪಾಲು ಹೊಗೆಕೊಳವೆಯಿಂದ ಹೊರಗೆ ಹೋಗುತ್ತದೆ. ಇನ್ನೊಂದು ಪಾಲನ್ನು ಎಂಜಿನ್ನಿನ ಸುತ್ತ ಹರಿಯುವ ನೀರು ಹೊತ್ತು ತಂದು ರೇಡಿಯೇಟರಿನಲ್ಲಿ ಗಾಳಿಗೆ ಒಪ್ಪಿಸುತ್ತದೆ. ನೀರನ್ನು ತಿರುಗಿಸುವುದು ವಾಟರ್ ಪಂಪು. ಗಾಳಿಯನ್ನು ಎಳೆಯುವುದು ಫ್ಯಾನು. ಅಂಬಾಸಿಡರ್ ಕಾಲದ ಗಾಡಿಗಳಲ್ಲಿ ಫ್ಯಾನು ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುತ್ತಿತ್ತು. ಅನಂತರ ಬಂದ ಸಣ್ಣ ಕಾರುಗಳಲ್ಲಿ ವಿದ್ಯುತ್ತಿನಿಂದ ತಿರುಗುತ್ತದೆ. ಗಾಡಿ ಓಡುವಾಗ ತಣ್ಣಗಿದ್ದು, ಸಂತೆಯ ಗದ್ದಲದಲ್ಲಿ ನಿಂತಾಗ ಮಾತ್ರ ಕಾವೇರಿದರೆ ಮೊದಲು ಸಂಶಯಪಡಬೇಕಾದುದು ಈ ಫ್ಯಾನಿನ ಮೇಲೆ. ಎಷ್ಟೋ ಸಲ ಸುಟ್ಟುಹೋದ ಒಂದು ಫ್ಯೂಸು ಬದಲಿಸಿದರೆ ಕೆಲಸ ಮುಗಿಯುತ್ತದೆ.

ಇನ್ನೆರಡು ಸಣ್ಣ ಭಾಗಗಳಿವೆ. ಅವುಗಳ ಬೆಲೆ ಕಡಿಮೆ, ಕೆಲಸ ದೊಡ್ಡದು. ಒಂದು, ಥರ್ಮೋಸ್ಟಾಟ್. ಎಂಜಿನ್ನು ತಣ್ಣಗಿರುವಾಗ ನೀರು ರೇಡಿಯೇಟರಿಗೆ ಹೋಗದಂತೆ ತಡೆದು, ಸಾಮಾನ್ಯವಾಗಿ 82ರಿಂದ 88 ಡಿಗ್ರಿಯ ಹೊತ್ತಿಗೆ ತಾನಾಗಿಯೇ ತೆರೆದುಕೊಳ್ಳುವ ಬಾಗಿಲು ಅದು. ಇನ್ನೊಂದು, ರೇಡಿಯೇಟರಿನ ಮುಚ್ಚಳ. ಅದು ಬರಿಯ ಮುಚ್ಚಳವಲ್ಲ. ಒಳಗಿನ ಒತ್ತಡವನ್ನು ಹಿಡಿದಿಡುವ ಕವಾಟ. ಒತ್ತಡವಿದ್ದಾಗ ನೀರು 100 ಡಿಗ್ರಿಗೆ ಕುದಿಯದೆ 118-120 ಡಿಗ್ರಿಯವರೆಗೂ ತಡೆಯುತ್ತದೆ. ಮುಚ್ಚಳದ ರಬ್ಬರು ಹಳತಾಗಿ ಒತ್ತಡ ನಿಲ್ಲದಿದ್ದರೆ ಬೇರೆ ಎಲ್ಲವೂ ಸರಿಯಿದ್ದ ಗಾಡಿಯೂ ಉಕ್ಕುತ್ತದೆ. ಆದುದರಿಂದ ದೊಡ್ಡ ಖರ್ಚಿನ ಮಾತು ಬಂದಾಗ ಈ ಸಣ್ಣವನ್ನು ಮೊದಲು ನೋಡಿಸಿರಿ.

ನೀರಿನ ವಿಷಯವೂ ಅಷ್ಟೇ ಮುಖ್ಯ. ಸವಳು ನೀರಿನಲ್ಲಿರುವ ಸುಣ್ಣದಂಶ ನಮ್ಮ ಹಂಡೆಯ ತಳದಲ್ಲಿ ಬಿಳಿಯ ಪದರಾಗಿ ಕಟ್ಟುವುದನ್ನು ಎಲ್ಲ ತಾಯಂದಿರೂ ಬಲ್ಲರು. ಅದೇ ಪದರು ರೇಡಿಯೇಟರಿನ ತೆಳುವಾದ ನಾಳಗಳೊಳಗೂ ಕಟ್ಟುತ್ತದೆ. ಹಂಡೆಗೆ ಪದರು ಕಟ್ಟಿದರೆ ಉರುವಲು ಹೆಚ್ಚು ಬೇಕಾಗುತ್ತದೆ. ರೇಡಿಯೇಟರಿಗೆ ಕಟ್ಟಿದರೆ ಶಾಖ ಹೊರಗೆ ಹೋಗುವ ದಾರಿಯೇ ಮುಚ್ಚುತ್ತದೆ. ಕೂಲಂಟ್ ಎಂದು ಮಾರುವ ಬಣ್ಣದ ದ್ರವ ಹಿಮ ಬೀಳುವ ದೇಶಗಳಿಗೆ ಮಾತ್ರ ಬೇಕೆಂಬ ತಿಳಿವಳಿಕೆ ಕೆಲವರಲ್ಲಿದೆ. ಅದು ಸರಿಯಲ್ಲ. ಅದರಲ್ಲಿ ಲೋಹಕ್ಕೆ ತುಕ್ಕು ಹಿಡಿಯದಂತೆ ಕಾಯುವ ರಾಸಾಯನಿಕಗಳಿರುತ್ತವೆ. ಕುದಿಯುವ ಉಷ್ಣತೆಯನ್ನೂ ಅದು ಮೇಲಕ್ಕೆ ಏರಿಸುತ್ತದೆ. ಗಾಡಿಯ ಕೈಪಿಡಿಯಲ್ಲಿ ಹೇಳಿದ ಜಾತಿಯ ಕೂಲಂಟನ್ನು, ಬೆರೆಸಬೇಕಾದ ಜಾತಿಯದಾದರೆ ಬ್ಯಾಟರಿಗೆ ಹಾಕುವಂಥ ಶುದ್ಧ ಬಟ್ಟಿನೀರಿನೊಂದಿಗೆ ಬೆರೆಸಿ, ಹೇಳಿದ ಅವಧಿಗೆ ಬದಲಿಸುವುದು ಕ್ರಮ.

ಈ ವ್ಯವಸ್ಥೆ ಕೆಟ್ಟರೆ ಆಗುವುದೇನು? ಹಳೆಯ ಅಂಬಾಸಿಡರಿನ ಎಂಜಿನ್ನು ಬೀಡುಕಬ್ಬಿಣದ್ದು. ಒಂದೆರಡು ಸಲ ಉಕ್ಕಿದರೂ ತಡೆದುಕೊಳ್ಳುತ್ತಿತ್ತು. ಚಾಲಕರು ನೀರಿನ ಡಬ್ಬಿ ಇಟ್ಟುಕೊಂಡೇ ಹೊರಡುತ್ತಿದ್ದ ದಿನಗಳು ನಮ್ಮಲ್ಲಿ ಅನೇಕರ ನೆನಪಿನಲ್ಲಿವೆ. ಆದರೆ ಅನಂತರದ ಬಹುತೇಕ ಕಾರುಗಳ ಸಿಲಿಂಡರ್ ಹೆಡ್ಡು ಅಲ್ಯೂಮಿನಿಯಮ್ಮಿನದು. ಮಿತಿಮೀರಿ ಕಾದರೆ ಅದು ಸೊಟ್ಟಾಗುತ್ತದೆ; ಹೆಡ್ಡಿಗೂ ಎಂಜಿನ್ನಿಗೂ ನಡುವೆ ಇರುವ ಗ್ಯಾಸ್ಕೆಟ್ ಒಡೆಯುತ್ತದೆ; ನೀರು ಎಣ್ಣೆಯಲ್ಲಿ, ಇಲ್ಲವೆ ಉರಿಯುವ ಕೋಣೆಯಲ್ಲಿ ಸೇರುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬಂತೆ, ಹದಿನೈದು ವರ್ಷ ಬಾಳಿದ ಎಂಜಿನ್ನು ಹದಿನೈದು ನಿಮಿಷದಲ್ಲಿ ಹಾಳಾಗಬಹುದು. ಸಾವಿರಗಳಲ್ಲಿ ಮುಗಿಯಬೇಕಾದ ಕೆಲಸ ಹತ್ತಾರು ಸಾವಿರಕ್ಕೆ ಏರುವುದು ಇಲ್ಲಿಯೇ.

ಈಗ ನಾವು ಹೇಳಬೇಕಾದ ಮುಖ್ಯ ಮಾತಿಗೆ ಬರೋಣ. ಕಾವೇರುವ ಹಳೆಯ ಕಾರಿನ ಮುಂದೆ ಸಾಮಾನ್ಯವಾಗಿ ಮೂರು ದಾರಿಗಳಿವೆ ಎಂದು ಜನ ತಿಳಿಯುತ್ತಾರೆ: ಪೂರ್ತಿ ದುರಸ್ತಿ ಮಾಡಿಸುವುದು, ಮಾರುವುದು, ಅಥವಾ ದಿನಾಲು ನೀರು ಹಾಕುತ್ತ ಹೇಗೋ ಓಡಿಸುವುದು. ನಮ್ಮ ದೃಷ್ಟಿಯಲ್ಲಿ ಇರುವುದು ಎರಡೇ. ಮೂರನೆಯದು ತೀರ್ಮಾನವಲ್ಲ, ತೀರ್ಮಾನವನ್ನು ಮುಂದೂಡುವುದು. ಮತ್ತು ಮೂರರಲ್ಲಿ ಅದೇ ಎಲ್ಲಕ್ಕಿಂತ ತುಟ್ಟಿಯಾದುದು. ಸೋರುವ ರೇಡಿಯೇಟರಿಗೆ ಅರಿಷಿಣದ ಪುಡಿ ಹಾಕುವುದು, ಸೋರಿಕೆ ನಿಲ್ಲಿಸುವ ಪುಡಿಗಳನ್ನು ಸುರಿಯುವುದು, ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡುವುದು ಇವೆಲ್ಲ ಆ ಮೂರನೆಯ ದಾರಿಯ ಉಪಾಯಗಳು. ಪುಡಿಯು ತೂತನ್ನು ಮುಚ್ಚಿದಂತೆ ಒಳ್ಳೆಯ ನಾಳಗಳನ್ನೂ ಮುಚ್ಚುತ್ತದೆ. ಥರ್ಮೋಸ್ಟಾಟಿಲ್ಲದ ಎಂಜಿನ್ನು ಬೇಕಾದ ಕಾವಿಗೆ ಬರಲು ತಡವಾಗಿ ಇಂಧನವನ್ನು ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ನಡುದಾರಿಯಲ್ಲಿ ಸಿಕ್ಕಿಬಿದ್ದಾಗ ಊರು ಮುಟ್ಟಲು ನೀರು ಹಾಕಿಕೊಳ್ಳುವುದು ಬೇರೆ. ಅದನ್ನೇ ನಿತ್ಯದ ಪದ್ಧತಿ ಮಾಡಿಕೊಳ್ಳುವುದು ಬೇರೆ.

ಇದಕ್ಕೆ ಒಂದು ದೃಷ್ಟಾಂತವನ್ನು ಓದುಗರ ಮುಂದಿಡುತ್ತೇವೆ. ಸವಡಿಯಲ್ಲಿ ನಮಗೆ ಪರಿಚಿತವಾದ ಒಂದು ಮನೆ. ಯಜಮಾನರು ನಿವೃತ್ತ ಶಿಕ್ಷಕರು. ಅವರ ಕಾರು 2012ರಲ್ಲಿ ನೋಂದಣಿಯಾದುದು. ಮನೆಯ ತಾಯಿಯವರಿಗೆ ಮೊಣಕಾಲು ಸೋತು ಬಸ್ಸಿನ ಮೆಟ್ಟಿಲು ಹತ್ತುವುದು ಆಗದು. ಚಿಕಿತ್ಸೆಗಾಗಿ ತಿಂಗಳಿಗೆ ಎರಡು ಬಾರಿ ರೋಣದ ಮೇಲೆ ಹಾಯ್ದು ಗದಗಿಗೆ ಹೋಗಿಬರಬೇಕು. ಮಗ ಹುಬ್ಬಳ್ಳಿಯಲ್ಲಿ ನೌಕರಿ ಮಾಡುತ್ತ ರಜೆಯ ದಿನ ಬಂದು ಗಾಡಿ ನಡೆಸುತ್ತಾನೆ. 2025ರ ಬೇಸಿಗೆಯಲ್ಲಿ ಗಾಡಿಯು ಪ್ರತಿ ಸಲವೂ ಕಾವೇರತೊಡಗಿತು. ಯಜಮಾನರು ನೀರಿನ ನಾಲ್ಕು ಬಾಟಲಿಗಳನ್ನು ಹಿಂದೆ ಇಟ್ಟುಕೊಂಡು ಮೂರು ತಿಂಗಳು ದೂಡಿದರು.

ಮಗನು, "ಯಪ್ಪಾ, ಇನ್ನ ಸಾಕ್ರಿ. ಇದಕ್ಕ ರೊಕ್ಕಾ ಹಾಕೂದು ಬ್ಯಾಡ್ರಿ, ಕೊಟ್ಟಬಿಡೂಣು" ಎಂದನು. ತಂದೆಯವರು, ನಿವೃತ್ತಿಯ ಹಣದಲ್ಲಿ ಕೊಂಡ ಗಾಡಿಯನ್ನು ಒಂದು ರೇಡಿಯೇಟರಿನ ಸಲುವಾಗಿ ಮಾರುವುದೆಂದರೇನು ಎಂದು ಮುನಿದರು. ಇಬ್ಬರ ಮಾತೂ ಬೆಳೆಯಿತು. ಕೊನೆಗೆ ಒಳಗಿನಿಂದ ತಾಯಿಯವರೇ ಮಗನನ್ನು ಕೇಳಿದರು: "ನೀವಿಬ್ರು ಏನರ ಮಾಡ್ರಿ. ನಡುದಾರ್ಯಾಗ ಗಾಡಿ ನಿಂತ್ರ ನಾ ಎಲ್ಲಿ ಕುಂದರ್ಲಪಾ?" ಎರೆಹೊಲದ ನಡುವೆ, ಮಧ್ಯಾಹ್ನದ ಬಿಸಿಲಿನಲ್ಲಿ, ಎದ್ದು ನಿಲ್ಲಲಾರದ ಒಬ್ಬ ತಾಯಿ ಕಾರಿನೊಳಗೂ ಕೂರಲಾರದೆ ಹೊರಗೂ ಕೂರಲಾರದೆ ಇರಬೇಕಾದ ಸ್ಥಿತಿಯನ್ನು ಆ ಒಂದು ಮಾತು ಮುಂದೆ ತಂದಿಟ್ಟಿತು. ಪ್ರಶ್ನೆ ಗಾಡಿಯ ಬೆಲೆಯದಲ್ಲ, ನಂಬಿಕೆಯದು ಎಂಬುದು ಇಬ್ಬರಿಗೂ ಆಗ ಅರಿವಾಯಿತು.

ಆ ಮನೆಯವರು ಅನುಸರಿಸಿದ ಕ್ರಮ ಅನುಕರಣೀಯವಾದುದು. ಮೊದಲನೆಯದಾಗಿ, ಖರ್ಚು ಮಾಡುವ ಮುನ್ನ ನೀರು ಎಲ್ಲಿ ಹೋಗುತ್ತಿದೆ ಎಂಬುದನ್ನು ಖಚಿತಪಡಿಸಿಕೊಂಡರು. ನೀರು ಕಡಿಮೆಯಾಗುವುದು ಎರಡೇ ರೀತಿಯಲ್ಲಿ: ಹೊರಗೆ ಸೋರಿ, ಇಲ್ಲವೆ ಒಳಗೆ ಇಳಿದು. ಹೊರಗಿನ ಸೋರಿಕೆಗೆ ಗುರುತು ಉಳಿಯುತ್ತದೆ. ರಾತ್ರಿ ಗಾಡಿಯ ಕೆಳಗೆ ಹಳೆಯ ರಟ್ಟು ಹಾಸಿಟ್ಟರೆ ಮುಂಜಾನೆ ಹನಿ ಎಲ್ಲಿ ಬಿದ್ದಿದೆ ಎಂದು ಕಾಣುತ್ತದೆ. ಹೋಸ್ ಪೈಪಿನ ತುದಿಗಳಲ್ಲಿ, ಪಂಪಿನ ಕೆಳಗೆ, ರೇಡಿಯೇಟರಿನ ಅಂಚಿನಲ್ಲಿ ಬಿಳಿಯ ಅಥವಾ ಹಸಿರು ಕಲೆ ಕಟ್ಟಿರುತ್ತದೆ. ತಣ್ಣಗಿರುವ ಗಾಡಿಯ ವ್ಯವಸ್ಥೆಗೆ ಕೈಪಂಪಿನಿಂದ ಗಾಳಿಯ ಒತ್ತಡ ಕೊಟ್ಟು ನೋಡುವ ಸಾಧನವೂ ಗ್ಯಾರೇಜುಗಳಲ್ಲಿ ದೊರೆಯುತ್ತದೆ. ಮುಳ್ಳು ನಿಂತಲ್ಲೇ ನಿಂತರೆ ಸೋರಿಕೆಯಿಲ್ಲ, ಇಳಿದರೆ ಇದೆ.

ಒಳಗಿನ ಸೋರಿಕೆಯ ಲಕ್ಷಣಗಳು ಬೇರೆ. ಕೆಳಗೆ ಹನಿಯಿಲ್ಲ, ಆದರೂ ನೀರು ಕಡಿಮೆಯಾಗುತ್ತದೆ. ಎಂಜಿನ್ನು ಕಾದ ಮೇಲೂ ಹಿಂದಿನಿಂದ ಬಿಳಿಯ ಹೊಗೆ ನಿಲ್ಲದೆ ಬರುತ್ತದೆ. ಎಣ್ಣೆ ನೋಡುವ ಕಡ್ಡಿಯನ್ನು ಎತ್ತಿದರೆ ಎಣ್ಣೆಯು ಹಾಲು ಬೆರೆಸಿದ ಚಹದ ಬಣ್ಣಕ್ಕೆ ತಿರುಗಿರುತ್ತದೆ. ತಣ್ಣಗಿರುವಾಗ ಮುಚ್ಚಳ ತೆಗೆದು ಎಂಜಿನ್ನು ಚಾಲು ಮಾಡಿದರೆ ರೇಡಿಯೇಟರಿನಲ್ಲಿ ಗುಳ್ಳೆಗಳು ಎಡೆಬಿಡದೆ ಏಳುತ್ತವೆ. ಇವುಗಳಲ್ಲಿ ಒಂದೇ ಲಕ್ಷಣವನ್ನು ನಂಬಿ ಹೆಡ್ಡು ಬಿಚ್ಚಿಸಬಾರದು; ಪ್ರತಿ ಸಿಲಿಂಡರಿನ ಒತ್ತಡವನ್ನು ಅಳೆಯಿಸಿ, ಎರಡು ಮೂರು ಲಕ್ಷಣಗಳು ಕೂಡಿ ಬಂದರೆ ಮಾತ್ರ ಗ್ಯಾಸ್ಕೆಟ್ ಹೋಗಿದೆ ಎಂದು ಒಪ್ಪಬೇಕು. ಪರೀಕ್ಷೆಗೆಂದು ಮೇಸ್ತ್ರಿಗೆ ಕೊಡುವ ಕೂಲಿಯನ್ನು ದಂಡವೆಂದು ಎಣಿಸಬೇಡಿರಿ. ಕಾಯಿಲೆ ತಿಳಿಯದೆ ಕೊಡುವ ಔಷಧಕ್ಕಿಂತ ಅದು ಅಗ್ಗ.

ಎರಡನೆಯದಾಗಿ, ಅವರು ಗ್ಯಾರೇಜಿಗೆ ಹೋಗುವ ಮೊದಲೇ ಮನೆಯಲ್ಲಿ ಕುಳಿತು ಒಂದು ಮಿತಿಯನ್ನು ಕಾಗದದ ಮೇಲೆ ಬರೆದುಕೊಂಡರು. ನೋಂದಣಿಯ ಅವಧಿ ಮುಗಿಯಲು ಎರಡು ವರ್ಷ ಉಳಿದಿತ್ತು. ಆದುದರಿಂದ ಲೆಕ್ಕವನ್ನು 24 ತಿಂಗಳಿಗೆ ಹಾಕಿದರು. ಹೊರಗಿನ ಸೋರಿಕೆಯಾದರೆ 12,000 ರೂಪಾಯಿ ಹಿಡಿದರು. ಅಂದರೆ ತಿಂಗಳಿಗೆ 500. ವಿಮೆ, ಟಯರು, ಇತರ ದುರಸ್ತಿಗೆ ತಿಂಗಳಿಗೆ 1,500. ಪ್ರತಿ ಪ್ರಯಾಣದ ಪೆಟ್ರೋಲಿಗೆ 600ರಂತೆ ಎರಡು ಪ್ರಯಾಣಕ್ಕೆ 1,200. ಒಟ್ಟು 3,200. ಬಾಡಿಗೆ ಗಾಡಿಯಾದರೆ ಒಂದು ಸಲಕ್ಕೆ 2,000ದಂತೆ ತಿಂಗಳಿಗೆ 4,000. ಹಾಗಾದರೆ ದುರಸ್ತಿಯೇ ಲಾಭ. ಆದರೆ ಹೆಡ್ಡು ಬಿಚ್ಚುವ ಕೆಲಸವಾಗಿ 36,000 ತಗಲಿದರೆ ತಿಂಗಳಿಗೆ 1,500 ಆಗಿ ಒಟ್ಟು 4,200ಕ್ಕೆ ಏರುತ್ತದೆ. ಆಗ ಬಾಡಿಗೆ ಗಾಡಿಯೇ ಅಗ್ಗ, ಮೇಲಾಗಿ ನಡುದಾರಿಯಲ್ಲಿ ನಿಲ್ಲುವ ಅಂಜಿಕೆಯೂ ಕಡಿಮೆ.

ಈ ಅಂಕಿಗಳು ಆ ಮನೆಯವು; ನಿಮ್ಮ ಊರಿನ ದರ, ನಿಮ್ಮ ಗಾಡಿಯ ಬಗೆಗೆ ತಕ್ಕಂತೆ ಬೇರೆಯಾಗುತ್ತವೆ. ಲೆಕ್ಕದ ಕ್ರಮವನ್ನು ಮಾತ್ರ ಗಮನಿಸಿರಿ. ತಿಂಗಳಿಗೆ ಒಂದೇ ಪ್ರಯಾಣವಾಗಿದ್ದರೆ ಸ್ವಂತ ಗಾಡಿಗೆ 2,600, ಬಾಡಿಗೆಗೆ 2,000 ಆಗಿ ಸಣ್ಣ ದುರಸ್ತಿಯೂ ನಷ್ಟವೇ ಆಗುತ್ತಿತ್ತು. ಅಂದರೆ ತೀರ್ಮಾನವನ್ನು ನಿರ್ಧರಿಸುವುದು ಗಾಡಿಯ ಮಾರುಕಟ್ಟೆಯ ಬೆಲೆಯಲ್ಲ. ಅದು ಮನೆಗೆ ತಿಂಗಳಿಗೆ ಎಷ್ಟು ಸಲ ನಿಜವಾಗಿ ಬೇಕಾಗುತ್ತದೆ ಎಂಬುದು. ಐವತ್ತು ಸಾವಿರ ಬಾಳದ ಗಾಡಿಗೆ ಹನ್ನೆರಡು ಸಾವಿರ ಏಕೆ ಎಂದು ಕೇಳುವವರು ಈ ಲೆಕ್ಕವನ್ನು ಹಾಕಿ ನೋಡಬೇಕು. ಹಾಗೆಯೇ ಅಂಗಳದಲ್ಲಿ ನಿಂತೇ ಇರುವ ಗಾಡಿಯ ಮೇಲೆ ಅಭಿಮಾನದಿಂದ ಹಣ ಸುರಿಯುವವರೂ ಹಾಕಿ ನೋಡಬೇಕು.

ಪರೀಕ್ಷೆಯಲ್ಲಿ ಕಂಡುಬಂದದ್ದು ಹೊರಗಿನ ಸೋರಿಕೆ. ರೇಡಿಯೇಟರಿನ ಅಂಚು ಬಿರಿದಿತ್ತು, ಪಂಪಿನಿಂದಲೂ ಹನಿಯುತ್ತಿತ್ತು, ಥರ್ಮೋಸ್ಟಾಟನ್ನು ಹಿಂದೆ ಯಾರೋ ಮೇಸ್ತ್ರಿ ತೆಗೆದುಹಾಕಿದ್ದನು, ಒಳಗೆ ಕೂಲಂಟಿಗೆ ಬದಲು ಬರಿಯ ಸವಳು ನೀರಿತ್ತು. ಹೆಡ್ಡು ಮಾತ್ರ ಗಟ್ಟಿಯಾಗಿತ್ತು. ಬರೆದುಕೊಂಡ ಮಿತಿಯೊಳಗೆ ಖರ್ಚು ಬಂದುದರಿಂದ ತಂದೆ ಮಗ ಇಬ್ಬರೂ ವಾದವಿಲ್ಲದೆ ಒಪ್ಪಿದರು. ಒಂದು ವೇಳೆ ಹೆಡ್ಡು ಹೋಗಿದ್ದರೆ ಮಾರುವುದೆಂದೂ ಅದೇ ಕಾಗದದಲ್ಲಿ ಬರೆದಿತ್ತು. ಗಾಡಿಯ ಬಾಯಿ ಬಿಚ್ಚಿದ ಮೇಲೆ, ಮೇಸ್ತ್ರಿಯ ಎದುರಿಗೆ, ಅರ್ಧ ಖರ್ಚು ಆದ ಮೇಲೆ ಯೋಚಿಸುವವನಿಗೆ ಹಿಂದೆ ಸರಿಯುವುದು ಕಷ್ಟ. ಮಿತಿಯನ್ನು ಮೊದಲೇ ಬರೆದಿಡುವುದರ ಲಾಭ ಇದು.

ಮೂರನೆಯದಾಗಿ, ದುರಸ್ತಿ ಮಾಡಿಸುವುದೆಂದು ನಿಶ್ಚಯಿಸಿದ ಮೇಲೆ ಅವರು ಅರ್ಧಕ್ಕೆ ಬಿಡಲಿಲ್ಲ. ಹೊಸ ರೇಡಿಯೇಟರ್ ಹಾಕಿ ಹಳೆಯ ಹೋಸ್ ಪೈಪು ಬಿಟ್ಟರೆ, ಒತ್ತಡವು ಈಗ ದುರ್ಬಲವಾದ ಪೈಪನ್ನು ಹುಡುಕಿಕೊಂಡು ಹೋಗುತ್ತದೆ. ಆದುದರಿಂದ ರೇಡಿಯೇಟರ್, ಪಂಪು, ಥರ್ಮೋಸ್ಟಾಟ್, ಮುಚ್ಚಳ, ಪೈಪುಗಳು, ಬೆಲ್ಟು ಇವನ್ನು ಒಟ್ಟಿಗೇ ನೋಡಿಸಿ, ಸಂಶಯವಿದ್ದುದನ್ನು ಬದಲಿಸಿ, ಒಳಗೆ ತೊಳೆಯಿಸಿ, ಸರಿಯಾದ ಕೂಲಂಟ್ ತುಂಬಿಸಿ, ಒಳಗಿನ ಗಾಳಿಯನ್ನು ಹೊರಗೆ ಬಿಡಿಸಬೇಕು. ಕೆಲವು ಎಂಜಿನ್ನುಗಳಲ್ಲಿ ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟು. ಅಂಥಲ್ಲಿ ಒಂದನ್ನು ಬಿಚ್ಚಿದಾಗ ಎರಡನ್ನೂ ಬದಲಿಸಿದರೆ ಕೂಲಿ ಒಮ್ಮೆ ಮಾತ್ರ. ಹಿತ್ತಾಳೆ ತಾಮ್ರದ ಹಳೆಯ ರೇಡಿಯೇಟರನ್ನು ಬೆಸುಗೆ ಹಾಕಿ, ನಾಳಗಳನ್ನು ಕೆರೆದು ಮತ್ತೆ ಬಳಸಬಹುದು. ಅಲ್ಯೂಮಿನಿಯಮ್ ನಾಳಕ್ಕೆ ಪ್ಲಾಸ್ಟಿಕ್ ತೊಟ್ಟಿ ಜೋಡಿಸಿದ ಈಚಿನ ರೇಡಿಯೇಟರಿನ ಪ್ಲಾಸ್ಟಿಕ್ಕು ಬಿರಿದರೆ ಅಂಟು ಹಚ್ಚುವುದು ಬಾಳಿಕೆ ಬಾರದು, ಬದಲಿಸುವುದೇ ಲೇಸು.

ಬಿಡಿಭಾಗ ಸಿಗುವುದೇ ಎಂಬುದನ್ನೂ ಮೊದಲು ವಿಚಾರಿಸಬೇಕು. 1983ರ ಡಿಸೆಂಬರಿನಲ್ಲಿ ರಸ್ತೆಗೆ ಬಂದ ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ಅದೇ ವರ್ಷದ ಮೇ ತಿಂಗಳಲ್ಲಿ ನಿಂತಿತು. ಬಹಳ ಸಂಖ್ಯೆಯಲ್ಲಿ ಮಾರಾಟವಾದ ಗಾಡಿಯಾದರೆ ಭಾಗಗಳು ತಯಾರಿಕೆ ನಿಂತ ಮೇಲೂ ವರ್ಷಗಟ್ಟಲೆ ದೊರೆಯುತ್ತವೆ. ಕಡಿಮೆ ಮಾರಾಟವಾದ ಗಾಡಿಯಾದರೆ ಒಂದು ಪಂಪಿಗಾಗಿ ಹುಬ್ಬಳ್ಳಿ ಬೆಂಗಳೂರುಗಳನ್ನು ತಿರುಗಬೇಕಾದೀತು. ಅಂಥದನ್ನು ಈ ಸಲ ದುರಸ್ತಿ ಮಾಡಿಸಿದರೂ ಮುಂದಿನ ಸಲಕ್ಕೆ ದಾರಿಯಿರುವುದಿಲ್ಲ.

ಕಾನೂನಿನ ಮಾತನ್ನೂ ಲೆಕ್ಕದಲ್ಲಿ ಸೇರಿಸಬೇಕು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಬಳಿಕ ಗಾಡಿಯನ್ನು ತಪಾಸಣೆಗೆ ಒಪ್ಪಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 15 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕವನ್ನು 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000ಕ್ಕೆ ಏರಿಸಲಾಯಿತು. 20 ವರ್ಷ ಮೀರಿದ ಕಾರುಗಳಿಗೆ ಅದನ್ನು 2025ರ ಆಗಸ್ಟಿನಲ್ಲಿ 10,000 ಮಾಡಲಾಯಿತು. ದೆಹಲಿಯ ಸುತ್ತಿನ ನಿರ್ಬಂಧಗಳ ಸುದ್ದಿ ಓದಿ, 15 ವರ್ಷವಾದ ಗಾಡಿಯನ್ನು ನಮ್ಮಲ್ಲಿಯೂ ಗುಜರಿಗೆ ಹಾಕಲೇಬೇಕೆಂದು ಕೆಲವರು ಅಂಜುತ್ತಾರೆ. ನಮ್ಮಲ್ಲಿ ಗಾಡಿ ಯೋಗ್ಯವಾಗಿದ್ದರೆ ನವೀಕರಣಕ್ಕೆ ಅವಕಾಶವಿದೆ. ಆದರೆ ಹಾಳಾದ ಎಂಜಿನ್ನಿನ ಗಾಡಿಯನ್ನು ಯಾರಿಗೋ ಕೊಟ್ಟು ಕೈತೊಳೆದುಕೊಳ್ಳುವುದಕ್ಕಿಂತ, ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿ ಪ್ರಮಾಣಪತ್ರ ಪಡೆಯುವುದು ಕ್ಷೇಮ. ಇಲ್ಲವಾದರೆ ಗಾಡಿ ಇನ್ನೊಬ್ಬರ ಕೈಯಲ್ಲಿದ್ದರೂ ಹೆಸರು ನಿಮ್ಮದೇ ಉಳಿಯುತ್ತದೆ.

ದುರಸ್ತಿ ಬೇಡವೆಂದು ಲೆಕ್ಕ ಹೇಳಿದರೆ ಅದನ್ನು ಸೋಲೆಂದು ಭಾವಿಸಬೇಕಾಗಿಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದಾಗಿ ಹೆಣ್ಣುಮಕ್ಕಳ ಬಸ್ಸಿನ ಪ್ರಯಾಣಕ್ಕೆ ಟಿಕೆಟಿನ ಹಣದ ಭಾರ ಇಳಿದಿದೆ. ಬಸ್ಸು ಹತ್ತಬಲ್ಲವರಿರುವ ಮನೆಗೆ ಇದು ದೊಡ್ಡ ಉಳಿತಾಯ. ಹತ್ತಲಾರದವರಿಗೆ ಬಾಡಿಗೆ ಗಾಡಿಯಿದೆ, ತುರ್ತಿಗೆ 108 ಇದೆ. ಮಾರುವಾಗ ಮಾತ್ರ ಕೊಳ್ಳುವವನಿಗೆ ಗಾಡಿ ಕಾವೇರುತ್ತದೆಂಬುದನ್ನು ಹೇಳಿಯೇ ಮಾರಿರಿ. ಮುಂಜಾನೆಯ ತಂಪಿನಲ್ಲಿ ತೋರಿಸಿ, ದೋಷವನ್ನು ಮುಚ್ಚಿ, ಐದು ಸಾವಿರ ಹೆಚ್ಚು ಪಡೆದರೆ ನಾಳೆ ಆ ಬಿಸಿಲಿನಲ್ಲಿ ನಿಲ್ಲುವುದು ಇನ್ನೊಬ್ಬರ ಮನೆಯ ತಾಯಿ.

ಗಾಡಿ ಇಟ್ಟುಕೊಂಡವರು ನೆನಪಿಡಬೇಕಾದ ಕೆಲವು ಎಚ್ಚರಿಕೆಗಳನ್ನು ಇಲ್ಲಿ ಸೇರಿಸುತ್ತೇವೆ. ಮುಳ್ಳು ಏರಿದರೆ ಇನ್ನೆರಡು ಮೈಲು ಎಂದು ಓಡಿಸದೆ, ಏಸಿ ನಿಲ್ಲಿಸಿ, ಗಾಡಿಯನ್ನು ರಸ್ತೆಯ ಬದಿಗೆ ತಂದು ಎಂಜಿನ್ನು ಆರಿಸಿರಿ. ನೀರು ಪೂರ್ತಿ ಬರಿದಾದಾಗ ಮುಳ್ಳು ತಪ್ಪಾಗಿ ಕೆಳಗೇ ತೋರಿಸುವುದುಂಟು. ಕಮಟು ವಾಸನೆ, ಉಗಿ, ಎಂಜಿನ್ನಿನ ಒಡಕು ಸದ್ದು ಇವನ್ನೂ ನಂಬಿರಿ. ಕಾದಿರುವ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಬೇಡಿರಿ. ಒತ್ತಡದಲ್ಲಿದ್ದ ನೀರು ಚಿಮ್ಮಿ ಮುಖ ಕೈ ಸುಡುತ್ತದೆ. ಕನಿಷ್ಠ ಅರ್ಧ ತಾಸು ಕಾದು, ಮುಟ್ಟಿದರೆ ಬಿಸಿ ಹತ್ತದಷ್ಟು ತಣಿದ ಮೇಲೆ ತೆರೆಯಿರಿ. ಕೆಂಡದಂತೆ ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರಿಯಬಹುದು.

ಮಕ್ಕಳೂ ದನಕರುಗಳೂ ಇರುವ ಮನೆಯವರಿಗೆ ಇನ್ನೊಂದು ಮಾತು. ಬಹುಪಾಲು ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ, ಮೂತ್ರಪಿಂಡವನ್ನು ಕೆಡಿಸುತ್ತದೆ. ಅದನ್ನು ನೀರಿನ ಅಥವಾ ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಡಬೇಡಿರಿ, ಅಂಗಳದಲ್ಲಿ ಚೆಲ್ಲಬೇಡಿರಿ. ನಾಯಿಯೋ ಕರುವೋ ನೆಕ್ಕಿದರೂ ಅಪಾಯವೇ. ಮಗು ಒಂದು ಗುಟುಕು ಕುಡಿದಿದೆ ಎಂಬ ಸಂಶಯ ಬಂದರೂ ಕಾಯದೆ ಆಸ್ಪತ್ರೆಗೆ ಒಯ್ಯಿರಿ.

ಹಳೆಯದೆಂದು ಎಸೆಯುವುದೂ ನಮ್ಮ ಮನೆಗಳ ರೂಢಿಯಲ್ಲ. ಹಳೆಯದೆಂಬ ಮೋಹಕ್ಕೆ ಮನೆಯವರ ಕ್ಷೇಮವನ್ನು ಒತ್ತೆಯಿಡುವುದೂ ಸಲ್ಲದು. ಎರಡರ ನಡುವೆ ದಾರಿ ತೋರಿಸುವುದು ಒಂದು ಪರೀಕ್ಷೆ, ಒಂದು ಕಾಗದ, ಮತ್ತು ಆ ಗಾಡಿಯಲ್ಲಿ ಹೆಚ್ಚಾಗಿ ಕೂರುವವರ ಒಂದು ಮಾತು. ಬಿಸಿಲು ಬಲಿಯುವ ಮೊದಲೇ, ಒಂದು ಮುಂಜಾನೆ ಗಾಡಿ ತಣ್ಣಗಿರುವಾಗ ಮುಚ್ಚಳ ತೆಗೆದು ನೋಡಿರಿ. ನೀರು ಕಡಿಮೆಯಿದ್ದರೆ ತುಂಬಿಸಿ ಸುಮ್ಮನಾಗದೆ, ಅದು ಎಲ್ಲಿ ಹೋಯಿತೆಂದು ಕೇಳಿರಿ.